ಇಂಗ್ಲಿಷ್ ಕಲಿಸಲು ಯಾರು ಅರ್ಹರು? ಠಾಣೆಯಿಂದ ನವಿ ಮುಂಬಯಿವರೆಗೆ ಒಂದು ಸಮೀಕ್ಷೆ

ಡೊಂಬಿವ್ಲಿಯ ಕಾಲೇಜಿನಲ್ಲಿ ಇಂಗ್ಲಿಷ್ ಸಾಹಿತ್ಯ ಓದಿ ಬಿ.ಎ. ಮುಗಿಸಿದ ಕನ್ನಡದ ಹುಡುಗಿಯೊಬ್ಬಳು ಇಂಗ್ಲಿಷ್ ಕಲಿಸುವುದನ್ನೇ ಉದ್ಯೋಗ ಮಾಡಿಕೊಳ್ಳಬೇಕೆಂದರೆ ಅವಳಿಗೆ ಮೂರು ದಾರಿಗಳಿವೆ. ಬಿ.ಎಡ್. ಮಾಡಿ, ಶಿಕ್ಷಕರ ಅರ್ಹತಾ ಪರೀಕ್ಷೆಯಾದ ಟಿಇಟಿ ಪಾಸಾಗಿ ಶಾಲೆಯ ಹುದ್ದೆಗೆ ಕಾಯುವುದು ಮೊದಲನೆಯದು. ಕೇಂಬ್ರಿಜ್‌ನ ಸೆಲ್ಟಾದಂಥ ಸರ್ಟಿಫಿಕೇಟು ಪಡೆದು ಹೊರದೇಶಕ್ಕೋ ಆನ್‌ಲೈನ್ ತರಗತಿಗೋ ಹೋಗುವುದು ಎರಡನೆಯದು. ಯಾವ ಸರ್ಟಿಫಿಕೇಟೂ ಇಲ್ಲದೆ ಸ್ಟೇಷನ್ ಹತ್ತಿರದ ಸ್ಪೋಕನ್ ಇಂಗ್ಲಿಷ್ ಕ್ಲಾಸಿಗೆ ನಾಳೆಯಿಂದಲೇ ಸೇರಿಕೊಳ್ಳುವುದು ಮೂರನೆಯದು. ಒಂದು ದಾರಿಯಲ್ಲಿ ಗಳಿಸಿದ ಅರ್ಹತೆಗೆ ಇನ್ನೊಂದರಲ್ಲಿ ಬೆಲೆಯಿಲ್ಲ. ಸೆಲ್ಟಾ ಇದ್ದವರನ್ನು ಮಹಾರಾಷ್ಟ್ರದ ಅನುದಾನಿತ ಶಾಲೆ ಶಿಕ್ಷಕರೆಂದು ಒಪ್ಪುವುದಿಲ್ಲ. ಬಿ.ಎಡ್. ಇದ್ದವರನ್ನು ಹನೋಯ್‌ನ ಭಾಷಾ ಕೇಂದ್ರ ಬೇರೆ ಕಾಗದ ತರಲು ಹೇಳುತ್ತದೆ. ಕ್ಲಾಸಿನ ಮಾಲೀಕರಿಗೆ ಇವೆರಡೂ ಬೇಕಿಲ್ಲ, ನಿರರ್ಗಳವಾಗಿ ಮಾತಾಡಿದರೆ ಸಾಕು.

ಇಂಗ್ಲಿಷ್ ಯಾರ ಮನೆಮಾತೂ ಅಲ್ಲದ ಊರಿನಲ್ಲಿ ಇಂಗ್ಲಿಷ್ ಕಲಿಸಲು ಯಾರು ಅರ್ಹರು, ಆ ಅರ್ಹತೆಯನ್ನು ಅಳೆಯುವವರು ಯಾರು ಎಂಬುದು ಸುಮಾರು ನೂರು ವರ್ಷಗಳಿಂದ ಚರ್ಚೆಯಲ್ಲಿರುವ ಪ್ರಶ್ನೆ. ಮರಾಠಿ, ಕನ್ನಡ, ತುಳು, ಗುಜರಾತಿ, ಸಿಂಧಿ, ತಮಿಳು, ಭೋಜಪುರಿ ಮನೆಗಳ ಮಕ್ಕಳು ಒಂದೇ ಬೆಂಚಿನಲ್ಲಿ ಕೂರುವ ಠಾಣೆ, ಕಲ್ಯಾಣ, ಡೊಂಬಿವ್ಲಿ, ನವಿ ಮುಂಬಯಿಗಳಲ್ಲಿ ಈ ಪ್ರಶ್ನೆಯ ಎಲ್ಲ ಮುಖಗಳೂ ಒಟ್ಟಿಗೇ ಕಾಣಸಿಗುತ್ತವೆ.

ಎಂಟನೆಯ ತರಗತಿಯಿಂದ ಒಂದನೆಯ ತರಗತಿಗೆ

ಸ್ವಾತಂತ್ರ್ಯ ಬಂದ ಹೊಸದರಲ್ಲಿ ಬಿ.ಜಿ. ಖೇರರ ಸರ್ಕಾರ ಮುಂಬಯಿ ಪ್ರಾಂತದ ಶಾಲೆಗಳಲ್ಲಿ ಇಂಗ್ಲಿಷ್ ಕಲಿಕೆಯನ್ನು ಎಂಟನೆಯ ತರಗತಿಗೆ ಮುಂದೂಡಿತು. ಧಾರವಾಡ, ಬೆಳಗಾವಿ, ವಿಜಾಪುರ, ಉತ್ತರ ಕನ್ನಡ ಜಿಲ್ಲೆಗಳು 1956ರವರೆಗೆ ಇದೇ ರಾಜ್ಯದಲ್ಲಿದ್ದವು. ಆ ಕಡೆಯಿಂದ ಬಂದು ಈ ಊರುಗಳಲ್ಲಿ ನೆಲೆಸಿದ ಹಿರಿಯರಲ್ಲಿ ಅನೇಕರು ಇಂಗ್ಲಿಷ್ ಅಕ್ಷರಮಾಲೆಯನ್ನು ಕಲಿತದ್ದು ಮೀಸೆ ಮೂಡುವ ವಯಸ್ಸಿನಲ್ಲಿ. 1954ರಲ್ಲಿ ಮುಂಬಯಿ ಸರ್ಕಾರ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಆಂಗ್ಲೋ-ಇಂಡಿಯನ್ನರು ಮತ್ತು ಏಷ್ಯಾದ ಹೊರಗಿನ ಮೂಲದವರ ಮಕ್ಕಳನ್ನು ಬಿಟ್ಟು ಬೇರೆ ಯಾರನ್ನೂ ಇಂಗ್ಲಿಷ್ ಮಾಧ್ಯಮಕ್ಕೆ ಸೇರಿಸಬಾರದೆಂದು ಆಜ್ಞೆ ಹೊರಡಿಸಿತು. ದೇವಳಾಲಿಯ ಬಾರ್ನ್ಸ್ ಶಾಲೆಯನ್ನು ನಡೆಸುತ್ತಿದ್ದ ಸಂಸ್ಥೆ ಅದನ್ನು ಪ್ರಶ್ನಿಸಿತು, ಸುಪ್ರೀಂ ಕೋರ್ಟು ಅದೇ ವರ್ಷ ಆಜ್ಞೆಯನ್ನು ತಳ್ಳಿಹಾಕಿತು. ಇಂಗ್ಲಿಷ್ ಮಾಧ್ಯಮವನ್ನು ಸರ್ಕಾರ ತಡೆಯಲಾರದು ಎಂಬುದು ಅಲ್ಲಿಗೆ ಖಚಿತವಾಯಿತು. ಅದಕ್ಕೆ ಬೇಕಾದಷ್ಟು ಮೇಷ್ಟ್ರು ಎಲ್ಲಿಂದ ಬರಬೇಕು ಎಂಬುದನ್ನು ಮಾತ್ರ ಯಾರೂ ಯೋಚಿಸಿರಲಿಲ್ಲ.

ದಕ್ಷಿಣ ಕನ್ನಡದಿಂದ ಬಂದವರ ಕಥೆ ಬೇರೆ. ಹೋಟೆಲಿನಲ್ಲಿ ಕಪ್ಪು ತೊಳೆಯುತ್ತ, ಕ್ಯಾಂಟೀನಿನಲ್ಲಿ ದುಡಿಯುತ್ತ ಸಂಜೆಯ ಹೊತ್ತಿಗೆ ಪುಸ್ತಕ ಹಿಡಿದ ಹುಡುಗರಿಗಾಗಿ ಮುಂಬಯಿಯ ಕನ್ನಡಿಗರು ರಾತ್ರಿ ಶಾಲೆಗಳನ್ನು ಕಟ್ಟಿದರು. ಮೊಗವೀರರ ರಾತ್ರಿ ಶಾಲೆ, ಬಿಲ್ಲವರ ಗುರುನಾರಾಯಣ ರಾತ್ರಿ ಶಾಲೆ ಅವುಗಳಲ್ಲಿ ಹೆಸರಾದವು. ಹಗಲಿನಲ್ಲಿ ಬ್ಯಾಂಕಿನಲ್ಲೋ ಆಫೀಸಿನಲ್ಲೋ ಕೆಲಸ ಮಾಡುವವರು ಅಲ್ಲಿ ರಾತ್ರಿ ಮೇಷ್ಟ್ರಾಗುತ್ತಿದ್ದರು. ಇಂಗ್ಲಿಷ್ ವಾಕ್ಯವನ್ನು ಕನ್ನಡದಲ್ಲಿ ಬಿಡಿಸಿ, ಬೇಕಾದರೆ ತುಳುವಿನಲ್ಲಿ ಇನ್ನೊಮ್ಮೆ ಹೇಳಿ ಹುಡುಗರನ್ನು ಎಸ್‌ಎಸ್‌ಸಿ ದಾಟಿಸಿದವರು ಅವರು. ಈ ಪ್ರಾಂತದಲ್ಲಿ ಇಂಗ್ಲಿಷ್ ಬೋಧನೆಯ ಚರಿತ್ರೆ ಬರೆಯುವವರು ಈ ಮೇಷ್ಟ್ರುಗಳಿಗೆ ಒಂದು ಅಧ್ಯಾಯ ಕೊಡಬೇಕು ಎಂಬುದು ನನ್ನ ಗಟ್ಟಿ ನಂಬಿಕೆ.

ಅತ್ತ ಇಂಗ್ಲಿಷ್ ಬೋಧನೆಯನ್ನು ಸಾಹಿತ್ಯ ಪಾಠದಿಂದ ಬೇರ್ಪಡಿಸಿ ಪ್ರತ್ಯೇಕ ವಿದ್ಯೆಯಾಗಿ ಬೆಳೆಸುವ ಕೆಲಸ ಸರ್ಕಾರಿ ಸಂಸ್ಥೆಗಳಲ್ಲಿ ಶುರುವಾಯಿತು. ಹೈದರಾಬಾದಿನ ಸೆಂಟ್ರಲ್ ಇನ್‌ಸ್ಟಿಟ್ಯೂಟ್ ಆಫ್ ಇಂಗ್ಲಿಷ್ 1958ರಲ್ಲಿ ಹುಟ್ಟಿತು. ಇಂದು ಅದೇ ಇಫ್ಲು ವಿಶ್ವವಿದ್ಯಾಲಯ. ಬೆಂಗಳೂರಿನ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಬಂದದ್ದು 1963ರಲ್ಲಿ. ಹೈದರಾಬಾದಿನ ಸಂಸ್ಥೆಯ ನಿರ್ದೇಶಕರಾಗಿದ್ದವರಲ್ಲಿ ವಿ.ಕೃ. ಗೋಕಾಕರೂ ಒಬ್ಬರು. ಭಾರತದ ಇಂಗ್ಲಿಷ್ ಮೇಷ್ಟ್ರುಗಳನ್ನು ತಯಾರು ಮಾಡುವ ಸಂಸ್ಥೆಯನ್ನು ನಡೆಸಿದವರೇ 1981ರಲ್ಲಿ ಶಾಲೆಗಳಲ್ಲಿ ಕನ್ನಡಕ್ಕೆ ಮೊದಲ ಸ್ಥಾನ ಕೇಳುವ ವರದಿ ಕೊಟ್ಟರು. ಇದರಲ್ಲಿ ವಿರೋಧವೇನೂ ನನಗೆ ಕಾಣುವುದಿಲ್ಲ. ಇಂಗ್ಲಿಷನ್ನು ಚೆನ್ನಾಗಿ ಕಲಿಸುವುದು ಎಷ್ಟು ಕಷ್ಟ ಎಂದು ಒಳಗಿನಿಂದ ಬಲ್ಲವರು ಎಲ್ಲವನ್ನೂ ಇಂಗ್ಲಿಷಿನಲ್ಲೇ ಕಲಿಸಲು ಅವಸರಪಡುವುದಿಲ್ಲ.

ಆದರೆ ಅವಸರವೇ ಗೆದ್ದಿತು. ಮಹಾರಾಷ್ಟ್ರ 2000ದಲ್ಲಿ ಎಲ್ಲ ಮಾಧ್ಯಮದ ಶಾಲೆಗಳಲ್ಲೂ ಒಂದನೆಯ ತರಗತಿಯಿಂದ ಇಂಗ್ಲಿಷ್ ತಂದಿತು, ಕರ್ನಾಟಕ 2007ರಲ್ಲಿ ಅದೇ ದಾರಿ ಹಿಡಿಯಿತು. ಎಲ್ಲ ವಿಷಯಗಳನ್ನೂ ಮರಾಠಿಯಲ್ಲಿ ಕಲಿಸುತ್ತಿದ್ದ ಪ್ರಾಥಮಿಕ ಶಿಕ್ಷಕರು ರಾತ್ರಿ ಬೆಳಗಾಗುವುದರೊಳಗೆ ಇಂಗ್ಲಿಷ್ ಶಿಕ್ಷಕರೂ ಆದರು. ಅವರನ್ನು ಸಿದ್ಧಗೊಳಿಸುವ ಪ್ರಯತ್ನಗಳು ಎಷ್ಟೋ ವರ್ಷಗಳವರೆಗೆ ನಡೆದವು. ಬ್ರಿಟಿಷ್ ಕೌನ್ಸಿಲ್ ಮತ್ತು ಟಾಟಾ ಟ್ರಸ್ಟ್‌ಗಳು ರಾಜ್ಯ ಸರ್ಕಾರದ ಜೊತೆ 2016ರಿಂದ ನಡೆಸಿದ ‘ತೇಜಸ್’ ಕಾರ್ಯಕ್ರಮ ಅವುಗಳಲ್ಲೊಂದು. ಈ ನಡುವೆ ಕನ್ನಡ ಸಂಘಗಳೂ ಕಾಲದ ಜೊತೆ ನಡೆದವು. ಡೊಂಬಿವ್ಲಿ ಕರ್ನಾಟಕ ಸಂಘದ ಮಂಜುನಾಥ ವಿದ್ಯಾಲಯ, ಠಾಣೆಯ ನವೋದಯ ಕನ್ನಡ ಸೇವಾ ಸಂಘದ ಶಾಲೆ ಇಂಥವೆಲ್ಲ ಕನ್ನಡಿಗರು ಕಟ್ಟಿದ ವಿದ್ಯಾಸಂಸ್ಥೆಗಳು. ಅಲ್ಲಿಗೆ ಬರುವ ಮಕ್ಕಳು ಎಲ್ಲ ಭಾಷೆಗಳವರು. ಇಂಗ್ಲಿಷ್ ಕಲಿಸುವ ಕೆಲಸ ಹುಡುಕುವ ಕನ್ನಡದ ತರುಣರಿಗೆ ಇಂಥ ಶಾಲೆಗಳು ಪರಿಚಯದ ಮೊದಲ ಮೆಟ್ಟಿಲು.

ಸರ್ಕಾರದ ಸನ್ನದು

ಶಿಕ್ಷಕರನ್ನು ಕಾನೂನು ರೂಪಿಸಬೇಕು ಎನ್ನುವವರದು ಮೊದಲ ಪಂಥ. ಅವರ ತರ್ಕ ಸರಳ. ಮಗುವಿನ ಮುಂದೆ ನಿಲ್ಲುವವರಿಗೆ ಮಗುವಿನ ಮನಸ್ಸು, ತರಗತಿಯ ವ್ಯವಸ್ಥೆ, ಮೌಲ್ಯಮಾಪನ ಇವೆಲ್ಲ ಗೊತ್ತಿರಬೇಕು, ಭಾಷೆಯ ಜ್ಞಾನವೊಂದೇ ಸಾಲದು. 2009ರ ಶಿಕ್ಷಣ ಹಕ್ಕು ಕಾಯಿದೆಯ ನಂತರ ಶಿಕ್ಷಕರ ತರಬೇತಿಯನ್ನು ನಿಯಂತ್ರಿಸುವ ರಾಷ್ಟ್ರೀಯ ಮಂಡಳಿ ಎನ್‌ಸಿಟಿಇ ಟಿಇಟಿಯನ್ನು ಕಡ್ಡಾಯಗೊಳಿಸಿತು. ಮಹಾರಾಷ್ಟ್ರ ತನ್ನ ಮೊದಲ ಟಿಇಟಿಯನ್ನು 2013ರಲ್ಲಿ ನಡೆಸಿತು. ಬಿ.ಎಡ್. 2015ರಿಂದ ಎರಡು ವರ್ಷದ್ದಾಯಿತು, ಅದರಲ್ಲಿ ಶಾಲೆಯಲ್ಲಿ ಕಳೆಯಬೇಕಾದ ವಾರಗಳು 20.

ಮಹಾರಾಷ್ಟ್ರದ ಟಿಇಟಿಯನ್ನು ಕನ್ನಡ ಮಾಧ್ಯಮದಲ್ಲೂ ಬರೆಯಬಹುದು. ಸೊಲ್ಲಾಪುರ, ಜತ್ತ, ಅಕ್ಕಲಕೋಟೆಗಳ ಕನ್ನಡ ಶಾಲೆಗಳಿಗೆ ಹೋಗುವವರಿಗೆ ಇದು ದೊಡ್ಡ ಅನುಕೂಲ. 150 ಅಂಕಗಳ ಪರೀಕ್ಷೆ, ಸಾಮಾನ್ಯ ವರ್ಗದವರಿಗೆ ಶೇ. 60 ಬಂದರೆ ಪಾಸು. ಎಲ್ಲವೂ ಬಹು ಆಯ್ಕೆಯ ಪ್ರಶ್ನೆಗಳು. ಹೀಗಾಗಿ ಒಂದೇ ಒಂದು ಇಂಗ್ಲಿಷ್ ವಾಕ್ಯವನ್ನು ಬಾಯಿಬಿಟ್ಟು ಹೇಳದೆ, ಬರೆಯದೆ, ಇಂಗ್ಲಿಷ್ ಕಲಿಸುವ ಅರ್ಹತೆ ಪಡೆಯುವುದು ಸಾಧ್ಯ. ಈ ಪಂಥದ ಅತಿ ದೊಡ್ಡ ಕೊರತೆ ಇದೇ ಎಂದು ನನಗನಿಸುತ್ತದೆ. 2019-20ರ ಪರೀಕ್ಷೆಯ ಅಕ್ರಮ ಬಯಲಾಗಿ ಏಳು ಸಾವಿರಕ್ಕೂ ಹೆಚ್ಚು ಅಭ್ಯರ್ಥಿಗಳ ಮೇಲೆ ಕ್ರಮವಾದಾಗ ಪ್ರಾಮಾಣಿಕವಾಗಿ ಓದಿದವರ ನೋವು ಹೇಳತೀರದ್ದಾಗಿತ್ತು.

ಪರೀಕ್ಷೆ ಪಾಸಾದ ಮಾತ್ರಕ್ಕೆ ಕೆಲಸ ಸಿಗುವುದಿಲ್ಲ. 2012ರಲ್ಲಿ ನಿಂತ ನೇಮಕಾತಿ, ಶಿಕ್ಷಕರ ಆಯ್ಕೆಗಾಗಿ ಸರ್ಕಾರದ ‘ಪವಿತ್ರ’ ಪೋರ್ಟಲ್ ಬರುವವರೆಗೆ ಹೆಚ್ಚುಕಡಿಮೆ ನಿಂತೇ ಇತ್ತು. ಈಗ ಟಿಇಟಿಯ ಮೇಲೆ ಟಿಎಐಟಿ ಎಂಬ ಇನ್ನೊಂದು ಪರೀಕ್ಷೆ, ಅದರ ಅಂಕದ ಮೇಲೆ ಪೋರ್ಟಲ್‌ನಲ್ಲಿ ಆಯ್ಕೆ. ಆಯ್ಕೆಯಾದರೂ ಮೊದಲ ಮೂರು ವರ್ಷ ‘ಶಿಕ್ಷಣ ಸೇವಕ’ರಾಗಿ ಗೌರವಧನದ ಮೇಲೆ ದುಡಿಯಬೇಕು. 2023ರಲ್ಲಿ ಅದನ್ನು ಏರಿಸಿದ ಮೇಲೆ ಪ್ರಾಥಮಿಕಕ್ಕೆ ತಿಂಗಳಿಗೆ 16,000, ಮಾಧ್ಯಮಿಕಕ್ಕೆ 18,000, ಕಿರಿಯ ಕಾಲೇಜಿಗೆ 20,000 ರೂಪಾಯಿ. ಅದಕ್ಕೆ ಮೊದಲು ಪ್ರಾಥಮಿಕದವರಿಗೆ 6,000 ಇತ್ತು. ಡೊಂಬಿವ್ಲಿಯಲ್ಲಿ ಬಾಡಿಗೆ ಕಟ್ಟಿ, ಲೋಕಲ್ ಪಾಸು ತೆಗೆದು, ಈ ಮೊತ್ತದಲ್ಲಿ ಮನೆ ನಡೆಸುವವರನ್ನು ನೋಡಿದರೆ ವೃತ್ತಿಯ ಮೇಲಿನ ಪ್ರೀತಿ ಎಂದರೇನೆಂದು ತಿಳಿಯುತ್ತದೆ. ಸಂಬಳದ ಭದ್ರತೆ ಇಲ್ಲದ ಅನುದಾನರಹಿತ ಇಂಗ್ಲಿಷ್ ಮಾಧ್ಯಮ ಶಾಲೆಗಳು ಪೋರ್ಟಲ್‌ಗೆ ಕಾಯದೆ ನೇರವಾಗಿ ಸಂದರ್ಶನ ನಡೆಸಿ, ಒಂದು ಡೆಮೊ ಪಾಠ ಕೇಳಿ ತೆಗೆದುಕೊಳ್ಳುತ್ತವೆ. ಹದಿನೈದು ಇಪ್ಪತ್ತು ನಿಮಿಷದ ಆ ಡೆಮೊ, ಅನೇಕ ಶಿಕ್ಷಕರ ಪಾಠವನ್ನು ಇನ್ನೊಬ್ಬರು ಗಮನವಿಟ್ಟು ನೋಡುವ ಕೊನೆಯ ಸಂದರ್ಭವೂ ಆಗಿಬಿಡುತ್ತದೆ.

ನಾಲ್ಕು ವಾರದ ಸರ್ಟಿಫಿಕೇಟು

1962ರಲ್ಲಿ ಜಾನ್ ಮತ್ತು ಬ್ರಿಟಾ ಹೇಕ್ರಾಫ್ಟ್ ದಂಪತಿ ಲಂಡನ್ನಿನ ಇಂಟರ್‌ನ್ಯಾಷನಲ್ ಹೌಸ್‌ನಲ್ಲಿ ಪರದೇಶದವರಿಗೆ ಇಂಗ್ಲಿಷ್ ಕಲಿಸುವ ಮೇಷ್ಟ್ರುಗಳಿಗಾಗಿ ಒಂದು ಚಿಕ್ಕ ತರಬೇತಿ ಶುರುಮಾಡಿದರು. ಸಿದ್ಧಾಂತ ಕಡಿಮೆ, ಪಾಠ ಜಾಸ್ತಿ ಎಂಬುದು ಅದರ ನೀತಿ, ಎರಡನೆಯ ಪಂಥದ ನೀತಿಯೂ ಅದೇ. ಅದೇ ಬೆಳೆದು ಇಂದಿನ ಸೆಲ್ಟಾ ಆಯಿತು. ಸುಮಾರು 120 ಗಂಟೆಗಳ ಕಲಿಕೆ, ಅದರಲ್ಲಿ ನಿಜವಾದ ವಿದ್ಯಾರ್ಥಿಗಳ ಮುಂದೆ ಆರು ಗಂಟೆ ಪಾಠ. ಆ ಆರು ಗಂಟೆಯೂ ತರಬೇತುದಾರರು ಹಿಂದೆ ಕೂತು ಬರೆದುಕೊಳ್ಳುತ್ತಾರೆ, ಪಾಠ ಮುಗಿದ ಮೇಲೆ ಎಲ್ಲಿ ತಪ್ಪಿತು ಎಂದು ಬಿಡಿಸಿ ಹೇಳುತ್ತಾರೆ. ಟ್ರಿನಿಟಿಯ ಸರ್ಟ್‌ಟೆಸಾಲ್ ಕೂಡ ಇದೇ ಬಗೆಯದು. 2020ರ ನಂತರ ಸೆಲ್ಟಾವನ್ನು ಪೂರ್ತಿ ಆನ್‌ಲೈನ್ ಮಾಡುವ ಅವಕಾಶ ಬಂದುದರಿಂದ ಕಲ್ಯಾಣದ ಮನೆಯಲ್ಲಿ ಕೂತೇ ಮುಗಿಸಬಹುದು. ಖರ್ಚು ಮಾತ್ರ ಲಕ್ಷ ರೂಪಾಯಿ ದಾಟುತ್ತದೆ.

ಇದರ ನೆರಳಿನಲ್ಲೇ ಇನ್ನೊಂದು ವ್ಯಾಪಾರ ಬೆಳೆದಿದೆ. ಕೆಲವು ಸಾವಿರ ರೂಪಾಯಿಗೆ ‘120 ಗಂಟೆಯ ಟೆಫಲ್’ (ಪರಭಾಷೆಯಾಗಿ ಇಂಗ್ಲಿಷ್ ಬೋಧನೆ) ಎಂದು ಮೊಬೈಲಿಗೇ ಬರುವ ಕೋರ್ಸುಗಳಲ್ಲಿ ಬಹಳಷ್ಟು ಪಾಠಾಭ್ಯಾಸವೇ ಇಲ್ಲದವು. ‘ಟೆಫಲ್’ ಎಂಬ ಹೆಸರಿನ ಮೇಲೆ ಯಾವ ಒಂದು ಸಂಸ್ಥೆಗೂ ಹಕ್ಕಿಲ್ಲದ್ದರಿಂದ ಯಾರು ಬೇಕಾದರೂ ಅದನ್ನು ಮಾರಬಹುದು. ಕೋರ್ಸು ಸೇರುವ ಮುಂಚೆ ಕೇಳಬೇಕಾದ ಪ್ರಶ್ನೆ ಗಂಟೆಗಳದ್ದಲ್ಲ, ನನ್ನ ಪಾಠವನ್ನು ಯಾರು ನೋಡುತ್ತಾರೆ ಎಂಬುದು. ನಮ್ಮಲ್ಲೇ ಇಗ್ನೋ ಇಂಗ್ಲಿಷ್ ಬೋಧನೆಯಲ್ಲಿ ಸರ್ಟಿಫಿಕೇಟು ಕೊಡುತ್ತದೆ, ಇಫ್ಲು ಸ್ನಾತಕೋತ್ತರ ಸರ್ಟಿಫಿಕೇಟು, ಡಿಪ್ಲೊಮಾಗಳನ್ನು ಕೊಡುತ್ತದೆ. ಕಡಿಮೆ ಖರ್ಚಿನ ಗಂಭೀರ ಓದು ಬೇಕಾದವರು ಮೊದಲು ಇವುಗಳನ್ನು ವಿಚಾರಿಸಬೇಕು.

ಸರ್ಟಿಫಿಕೇಟು ಕೈಗೆ ಬಂದ ಮೇಲೆ ಪಾಸ್‌ಪೋರ್ಟು ಅಡ್ಡ ನಿಲ್ಲುತ್ತದೆ. ದಕ್ಷಿಣ ಕೊರಿಯಾ ಇಂಗ್ಲಿಷ್ ಬೋಧನೆಯ ಸಾಮಾನ್ಯ ವೀಸಾವನ್ನು ಕೊಡುವುದು ಏಳು ದೇಶಗಳವರಿಗೆ ಮಾತ್ರ: ಅಮೆರಿಕ, ಬ್ರಿಟನ್, ಕೆನಡಾ, ಐರ್ಲೆಂಡ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ದಕ್ಷಿಣ ಆಫ್ರಿಕಾ. 2010ರ ಜನವರಿಯಿಂದ ಜಾರಿಯಾದ ಭಾರತ–ಕೊರಿಯಾ ಆರ್ಥಿಕ ಒಪ್ಪಂದ ಭಾರತೀಯರಿಗೆ ಸಹಾಯಕ ಇಂಗ್ಲಿಷ್ ಶಿಕ್ಷಕರಾಗುವ ಕಿರಿದಾದ ಅವಕಾಶ ತೆರೆಯಿತು. ಚೀನಾದ ನಿಯಮವೂ ಇಂಗ್ಲಿಷ್ ಮನೆಮಾತಿನ ದೇಶಗಳ ಕಡೆಗೇ ವಾಲುತ್ತದೆ. ಥಾಯ್ಲೆಂಡ್, ವಿಯೆಟ್ನಾಂಗಳಲ್ಲಿ ಭಾರತೀಯರಿಗೆ ಕೆಲಸ ಸಿಗುತ್ತದೆ, ಆದರೆ ಪದವಿ, ಸರ್ಟಿಫಿಕೇಟುಗಳ ಜೊತೆಗೆ ಇಂಗ್ಲಿಷ್ ಪರೀಕ್ಷೆಯ ಅಂಕವನ್ನೂ ಕೇಳುವುದು ವಾಡಿಕೆ.

ಈ ಊರುಗಳ ಶಿಕ್ಷಕಿಯರಿಗೆ ನಿಜಕ್ಕೂ ಪರಿಚಿತವಾದ ವಿದೇಶ ಎಂದರೆ ಕೊಲ್ಲಿ. ಅಲ್ಲಿನ ಸಿಬಿಎಸ್‌ಇ ಶಾಲೆಗಳು ಬಿ.ಎಡ್. ಕೇಳುತ್ತವೆ, ಟೆಫಲ್ ಕೇಳುವುದಿಲ್ಲ. ಯುಎಇಗೆ ಹೊರಟವರು ಪದವಿ ಪತ್ರಗಳನ್ನು ರಾಜ್ಯದಲ್ಲಿ, ಆಮೇಲೆ ವಿದೇಶಾಂಗ ಸಚಿವಾಲಯದಲ್ಲಿ, ಕೊನೆಗೆ ಆ ದೇಶದ ದೂತಾವಾಸದಲ್ಲಿ ದೃಢೀಕರಿಸಿಕೊಳ್ಳಬೇಕು. ಊರಿನಲ್ಲಿ ಗೌರವಧನಕ್ಕೆ ದುಡಿಸಿದ ಬಿ.ಎಡ್. ಕಡಲಾಚೆ ಗೌರವ ತರುತ್ತದೆ ಎಂಬ ಮಾತು ಶಿಕ್ಷಕರ ಕೋಣೆಗಳಲ್ಲಿ ಆಗಾಗ ಕೇಳಿಬರುವುದು ಇದಕ್ಕೇ.

ಮಾತೇ ಬಂಡವಾಳ

ಠಾಣೆಯ ಗೋಖಲೆ ರಸ್ತೆ, ಡೊಂಬಿವ್ಲಿಯ ಫಡಕೆ ರಸ್ತೆ, ವಾಶಿಯ ಸೆಕ್ಟರ್ 17ರ ಸುತ್ತಮುತ್ತ ಮೇಲಂತಸ್ತಿನ ಬೋರ್ಡುಗಳನ್ನು ಓದಿದರೆ ಮೂರನೆಯ ಪಂಥದ ಪರಿಚಯವಾಗುತ್ತದೆ. ಇಲ್ಲಿ ಕಲಿಯಲು ಬರುವವರು ದೊಡ್ಡವರು: ಸಂದರ್ಶನಕ್ಕೆ ಹೆದರುವ ಇಂಜಿನಿಯರು, ಬಡ್ತಿಗೆ ಕಾಯುವ ಗುಮಾಸ್ತ, ಮಕ್ಕಳ ಶಾಲೆಯ ಸಭೆಯಲ್ಲಿ ಮಾತಾಡಬೇಕಾದ ತಾಯಿ, ಕೆನಡಾಕ್ಕೆ ಹೊರಟ ನರ್ಸು. ಇವರಿಗೆ ಬೇಕಾದದ್ದು ಮೂರು ತಿಂಗಳಲ್ಲಿ ಫಲ. ಫಲ ಕಾಣಿಸಿದವರೇ ಶಿಕ್ಷಕರು, ಕಾಗದ ಯಾವುದಾದರೇನು ಎಂಬುದು ಇಲ್ಲಿನ ನಿಲುವು.

2000ದ ನಂತರ ಏರೋಲಿ, ಮಹಾಪೆಗಳಲ್ಲಿ ಎದ್ದ ಐಟಿ ಪಾರ್ಕುಗಳ ಕಾಲ್ ಸೆಂಟರುಗಳು ‘ವಾಯ್ಸ್ ಅಂಡ್ ಆಕ್ಸೆಂಟ್ ಟ್ರೈನರ್’ ಎಂಬ ಹೊಸ ಹುದ್ದೆಯನ್ನೇ ಸೃಷ್ಟಿಸಿದವು. ಶಾಲೆಯ ಶಿಕ್ಷಕಿಯರು ಆ ಕೆಲಸಕ್ಕೆ ಹಾರಿದ್ದು ಸಹಜವೇ. ಐಇಎಲ್‌ಟಿಎಸ್ ತರಬೇತಿ ಇನ್ನೊಂದು ದೊಡ್ಡ ಮಾರುಕಟ್ಟೆ. ಪರೀಕ್ಷೆಯ ಸ್ವರೂಪ ಬಲ್ಲವರಿಗೆ ಅಲ್ಲಿ ಬೇಡಿಕೆ, ಭಾಷೆ ಬೆಳೆಸುವ ವ್ಯವಧಾನ ಕಡಿಮೆ. ಆನ್‌ಲೈನ್ ಬೋಧನೆ ಎಷ್ಟು ಅಸ್ಥಿರ ಎಂಬುದನ್ನು 2021ರ ಜುಲೈಯಲ್ಲಿ ಚೀನಾ ಖಾಸಗಿ ಟ್ಯೂಷನ್ ಮೇಲೆ ಹೇರಿದ ನಿರ್ಬಂಧ ತೋರಿಸಿತು. ಸಾವಿರಾರು ಅಮೆರಿಕನ್ ಮೇಷ್ಟ್ರುಗಳನ್ನು ಇಟ್ಟುಕೊಂಡಿದ್ದ ವಿಐಪಿಕಿಡ್ ಎಂಬ ಆನ್‌ಲೈನ್ ಬೋಧನಾ ಕಂಪನಿಯ ಆ ವ್ಯವಹಾರ ಕೆಲವೇ ತಿಂಗಳಲ್ಲಿ ಮುಚ್ಚಿತು.

ಈ ಪಂಥವನ್ನು ಅಂಗಡಿ ಎಂದು ತಳ್ಳಿಹಾಕುವವರ ಜೊತೆ ನಾನಿಲ್ಲ. ಶಾಲೆ ಹತ್ತು ವರ್ಷ ಇಂಗ್ಲಿಷ್ ಕಲಿಸಿದ ಮೇಲೂ ಮಾತು ಬಾರದೆ ಬಂದವರನ್ನು ಮಾತಾಡಿಸುವುದು ಸಣ್ಣ ಕೆಲಸವಲ್ಲ. ಆದರೆ ಇಲ್ಲಿನ ಶಿಕ್ಷಕರಿಗೆ ಗಂಟೆಯ ಲೆಕ್ಕದ ಕೂಲಿ, ರಜೆಗೆ ಸಂಬಳವಿಲ್ಲ, ಕಲಿಸುವ ಕೌಶಲ ಬೆಳೆಸುವ ಹೊಣೆ ಹೊತ್ತವರೂ ಯಾರಿಲ್ಲ.

ಕಲಿಯುವವರ ಭಾಷೆ ಬಲ್ಲವರು

ಕಲಿಯುವವರ ಭಾಷೆ ಬಲ್ಲವರೇ ಒಳ್ಳೆಯ ಇಂಗ್ಲಿಷ್ ಶಿಕ್ಷಕರು ಎನ್ನುವವರದು ನಾಲ್ಕನೆಯ ಪಂಥ. 1961ರಲ್ಲಿ ಉಗಾಂಡಾದ ಮಕೆರೆರೆಯಲ್ಲಿ ಸೇರಿದ ಕಾಮನ್‌ವೆಲ್ತ್ ಸಮ್ಮೇಳನದಿಂದ ಹೊರಟ ನಂಬಿಕೆಗಳು ಇದಕ್ಕೆ ವಿರುದ್ಧವಾಗಿದ್ದವು: ಇಂಗ್ಲಿಷನ್ನು ಇಂಗ್ಲಿಷಿನಲ್ಲೇ ಕಲಿಸಬೇಕು, ಅದು ಮನೆಮಾತಾಗಿರುವವರೇ ಆದರ್ಶ ಶಿಕ್ಷಕರು, ಎಷ್ಟು ಬೇಗ ಶುರುಮಾಡಿದರೆ ಅಷ್ಟು ಒಳ್ಳೆಯದು, ಎಷ್ಟು ಹೆಚ್ಚು ಕಲಿಸಿದರೆ ಅಷ್ಟು ಒಳ್ಳೆಯದು, ಬೇರೆ ಭಾಷೆ ನುಸುಳಿದರೆ ಇಂಗ್ಲಿಷಿನ ಮಟ್ಟ ಕುಸಿಯುತ್ತದೆ. ಭಾಷಾ ವಿದ್ವಾಂಸ ರಾಬರ್ಟ್ ಫಿಲಿಪ್ಸನ್ 1992ರ ತಮ್ಮ ಪುಸ್ತಕದಲ್ಲಿ ಈ ಐದನ್ನೂ ಭ್ರಮೆಗಳೆಂದು ಕರೆದರು. ಹಂಗೇರಿಯ ಪೀಟರ್ ಮೆಜೆಶ್ 1994ರಲ್ಲಿ ಇನ್ನೊಂದು ಬದಿಯಿಂದ ಬಂದರು. ಇಂಗ್ಲಿಷನ್ನು ಕಷ್ಟಪಟ್ಟು ಕಲಿತ ಮೇಷ್ಟ್ರಿಗೆ ವಿದ್ಯಾರ್ಥಿ ಎಲ್ಲಿ ಎಡವುತ್ತಾನೆ ಎಂಬುದು ಮೊದಲೇ ಗೊತ್ತಿರುತ್ತದೆ ಎಂಬುದು ಅವರ ವಾದ.

ನಮ್ಮ ನೆಲದಲ್ಲಿ ಇದಕ್ಕೆ ಹತ್ತಿರದ, ಆದರೆ ಬೇರೆಯೇ ಆದ ಒಂದು ಕೊಡುಗೆ ಇದೆ. ಎನ್.ಎಸ್. ಪ್ರಭು 1979ರಿಂದ 1984ರವರೆಗೆ ಬೆಂಗಳೂರು ಮತ್ತು ದಕ್ಷಿಣದ ಇತರ ಊರುಗಳ ಸಾಮಾನ್ಯ ಶಾಲೆಗಳಲ್ಲಿ ಒಂದು ಪ್ರಯೋಗ ನಡೆಸಿದರು. ವ್ಯಾಕರಣದ ಪಾಠ ಬಿಟ್ಟು, ರೈಲಿನ ವೇಳಾಪಟ್ಟಿ ಓದಿ ಲೆಕ್ಕ ಹಾಕುವಂಥ ಕೆಲಸಗಳನ್ನು ಮಕ್ಕಳಿಗೆ ಕೊಟ್ಟು, ಆ ಕೆಲಸದ ಮೂಲಕ ಇಂಗ್ಲಿಷ್ ಕಲಿಸಿದರು. ‘ಬೆಂಗಳೂರು ಪ್ರಾಜೆಕ್ಟ್’ ಎಂದೇ ಲೋಕಕ್ಕೆಲ್ಲ ಗೊತ್ತಾದ ಈ ಪ್ರಯೋಗವನ್ನು ಲಂಡನ್ನಿನಿಂದ ಟೋಕಿಯೊವರೆಗಿನ ಶಿಕ್ಷಕರು ಇಂದೂ ಓದುತ್ತಾರೆ. 1990ರಲ್ಲಿ ಅವರೇ ಬರೆದ ಲೇಖನವೊಂದು ಶ್ರೇಷ್ಠ ವಿಧಾನ ಎಂಬುದೊಂದಿಲ್ಲ ಎಂದು ವಾದಿಸಿತು. ತಾನು ಮಾಡುತ್ತಿರುವುದು ಏಕೆ ಫಲಿಸುತ್ತದೆ ಎಂಬ ಜೀವಂತ ಅರಿವು ಶಿಕ್ಷಕರಲ್ಲಿದೆಯೇ ಎಂಬುದನ್ನು ನೋಡಬೇಕು ಎಂದಿತು. ಇಡೀ ಚರ್ಚೆಯಲ್ಲಿ ನನಗೆ ಅತ್ಯಂತ ನಿಜವೆನಿಸುವ ಮಾತು ಇದು.

ಈ ಪಂಥಕ್ಕೆ ಎದುರಾಗಿ ತಾಯಿತಂದೆಯರ ದನಿಯಿದೆ, ಅದನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಸಾವಿತ್ರಿಬಾಯಿ ಫುಲೆ ತಮ್ಮ 1854ರ ಕವನ ಸಂಗ್ರಹದಲ್ಲೇ ಇಂಗ್ಲಿಷ್ ಕಲಿಯಲು ಕರೆಕೊಟ್ಟಿದ್ದರು. ನಮ್ಮ ಕಾಲದಲ್ಲಿ ದಲಿತ ಚಿಂತಕ ಚಂದ್ರಭಾನ್ ಪ್ರಸಾದ್ ಇಂಗ್ಲಿಷನ್ನು ದಲಿತರ ದೇವತೆಯೆಂದು ಕರೆದರು. ತರಗತಿಯಲ್ಲಿ ಮಾತೃಭಾಷೆ ಬಳಸಿ ಎಂದರೆ, ನಮ್ಮ ಮಗುವಿಗೆ ಮಾತ್ರ ಅರ್ಧ ಇಂಗ್ಲಿಷ್ ಏಕೆ ಎಂದು ಕಲ್ಯಾಣದ ಚಾಳಿನ ತಾಯಿ ಕೇಳುತ್ತಾಳೆ. ಅವಳ ಪ್ರಶ್ನೆಗೆ ಉತ್ತರ ಸಿದ್ಧಾಂತದಲ್ಲಿಲ್ಲ, ಒಳ್ಳೆಯ ಮೇಷ್ಟ್ರಲ್ಲಿದೆ. ಶಾಲಾ ಮಕ್ಕಳ ಕಲಿಕೆಯನ್ನು ಅಳೆಯುವ ಅಸರ್ ಸಮೀಕ್ಷೆಯ 2022ರ ವರದಿಯ ಪ್ರಕಾರ ಗ್ರಾಮೀಣ ಭಾರತದ ಐದನೆಯ ತರಗತಿಯ ಮಕ್ಕಳಲ್ಲಿ ಸರಳ ಇಂಗ್ಲಿಷ್ ವಾಕ್ಯ ಓದಬಲ್ಲವರು ಸುಮಾರು ನಾಲ್ಕರಲ್ಲಿ ಒಬ್ಬರು. 2016ರಲ್ಲೂ ಅಷ್ಟೇ ಇದ್ದರು. ಬೇಗ ಶುರುಮಾಡುವುದರಿಂದಷ್ಟೇ ಕಲಿಕೆ ಆಗುವುದಿಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಕೇ?

ಇನ್ನೂ ಇತ್ಯರ್ಥವಾಗದ್ದು

ಕಾನೂನಿನ ಪ್ರಶ್ನೆ ಮೊದಲನೆಯದು. ಸುಪ್ರೀಂ ಕೋರ್ಟು 2025ರ ಸೆಪ್ಟೆಂಬರ್ 1ರಂದು, ನಿವೃತ್ತಿಗೆ ಐದು ವರ್ಷಕ್ಕಿಂತ ಹೆಚ್ಚು ಉಳಿದಿರುವ ಸೇವಾನಿರತ ಶಿಕ್ಷಕರೂ ಎರಡು ವರ್ಷದೊಳಗೆ ಟಿಇಟಿ ಪಾಸಾಗಬೇಕೆಂದು ತೀರ್ಪು ಕೊಟ್ಟಿತು. ಅಲ್ಪಸಂಖ್ಯಾತ ಸಂಸ್ಥೆಗಳಿಗೆ ಇದು ಅನ್ವಯವಾಗುತ್ತದೆಯೇ ಎಂಬುದನ್ನು ದೊಡ್ಡ ಪೀಠದ ಪರಿಶೀಲನೆಗೆ ಬಿಟ್ಟಿತು. ಅದೇ ಕೋರ್ಟಿನ 2014ರ ಪ್ರಮತಿ ತೀರ್ಪು ಅಂಥ ಶಾಲೆಗಳನ್ನು ಶಿಕ್ಷಣ ಹಕ್ಕು ಕಾಯಿದೆಯಿಂದ ಹೊರಗಿಟ್ಟಿತ್ತು. ಭಾಷಾ ಅಲ್ಪಸಂಖ್ಯಾತರು ಯಾರೆಂಬುದನ್ನು ರಾಜ್ಯವಾರು ನಿರ್ಧರಿಸುವುದರಿಂದ ಮಹಾರಾಷ್ಟ್ರದಲ್ಲಿ ಕನ್ನಡಿಗರು ಆ ಪಟ್ಟಿಗೆ ಬರುತ್ತಾರೆ. ಕನ್ನಡ ಸಂಘಗಳು ನಡೆಸುವ ಶಾಲೆಗಳಲ್ಲಿ ಇಂಗ್ಲಿಷ್ ಕಲಿಸುವವರಿಗೆ ನಾಳೆ ಯಾವ ಅರ್ಹತೆ ಬೇಕು ಎಂಬುದು ಆ ಪೀಠದ ತೀರ್ಪಿನ ಮೇಲೆ ನಿಂತಿದೆ.

ಸರ್ಟಿಫಿಕೇಟುಗಳ ನಡುವೆ ಸೇತುವೆ ಕಟ್ಟುವವರು ಯಾರು ಎಂಬುದೂ ತೀರ್ಮಾನವಾಗಿಲ್ಲ. ಎರಡು ವರ್ಷದ ಬಿ.ಎಡ್. ಮತ್ತು ಆರು ಗಂಟೆಯ ಗಮನಿಸಿದ ಪಾಠ ಒಂದನ್ನೊಂದು ಒಪ್ಪುವ ವ್ಯವಸ್ಥೆ ನಮ್ಮಲ್ಲಿಲ್ಲ. 2020ರ ಶಿಕ್ಷಣ ನೀತಿ 2030ರ ಹೊತ್ತಿಗೆ ನಾಲ್ಕು ವರ್ಷದ ಸಂಯೋಜಿತ ಬಿ.ಎಡ್. ಅನ್ನೇ ಕನಿಷ್ಠ ಅರ್ಹತೆ ಮಾಡಲು ಹೇಳಿದೆ. ಆದರೆ ಅದರೊಳಗೆ ಶಿಕ್ಷಕರ ಇಂಗ್ಲಿಷ್ ಮಾತನ್ನು ಕಿವಿಯಿಂದ ಕೇಳಿ ಅಳೆಯುವ ಯಾವ ಪರೀಕ್ಷೆ ಇರುತ್ತದೆ?

ಕೊನೆಯ ಪ್ರಶ್ನೆ ನಮ್ಮವರಿಗೇ ಸೇರಿದ್ದು. ಕನ್ನಡ, ತುಳು, ಮರಾಠಿ, ಹಿಂದಿಗಳ ನಡುವೆ ಬೆಳೆದ ಡೊಂಬಿವ್ಲಿಯ ಆ ಹುಡುಗಿಗೆ ನಾಲ್ಕು ಭಾಷೆಗಳ ಮಕ್ಕಳು ಇಂಗ್ಲಿಷಿನಲ್ಲಿ ಎಲ್ಲೆಲ್ಲಿ ಎಡವುತ್ತಾರೆಂದು ತಿಳಿದಿದೆ. ಬಿ.ಎಡ್., ಟಿಇಟಿ, ಸೆಲ್ಟಾ ಈ ಮೂರರಲ್ಲಿ ಯಾವುದೂ ಆ ತಿಳಿವಿಗೆ ಒಂದು ಅಂಕವನ್ನೂ ಕೊಡುವುದಿಲ್ಲ. ಎಂಟು ಭಾಷೆಗಳಲ್ಲಿ ಶಾಲೆ ನಡೆಸುವ ಮುಂಬಯಿ ಮಹಾನಗರಪಾಲಿಕೆಯ ಪಕ್ಕದಲ್ಲೇ ಇದ್ದು ಆ ತಿಳಿವನ್ನು ಅಳೆಯುವ ಬಗೆಯನ್ನು ಠಾಣೆ ಜಿಲ್ಲೆ ಇನ್ನೂ ಕಂಡುಕೊಂಡಿಲ್ಲ.